ಬರೆಯಲು ಕೂತರೆ ಮನಸ್ಸು ಒಳಗಿಳಿಯುವುದಿಲ್ಲ: ಕಥೆ, ಕಾದಂಬರಿ ಬರೆಯುವವರು ಏನು ಮಾಡುತ್ತೀರಿ?

ಅಡಿಕೆಹಾಳೆ

ಎಲ್ಲರಿಗೂ ನಮಸ್ಕಾರ. ಊರು ಸಾಗರದ ಹತ್ತಿರ, ಇರುವುದು ಬೆಂಗಳೂರಿನಲ್ಲಿ, ಹೊಟ್ಟೆಪಾಡಿಗೆ ಸಾಫ್ಟ್‌ವೇರ್. ಒಂದಷ್ಟು ಸಣ್ಣಕಥೆಗಳು ಪತ್ರಿಕೆಗಳಲ್ಲಿ ಬಂದಿವೆ. ಈಗ ಕಾದಂಬರಿಗೆ ಕೈ ಹಾಕಿದ್ದೇನೆ, ತೊಂದರೆ ಶುರುವಾಗಿರುವುದೂ ಅಲ್ಲಿಂದಲೇ.

ಸಣ್ಣಕಥೆಯಾದರೆ ಒಂದು ಗುಂಗಿನಲ್ಲಿ ಕೂತು ಏಳುವಷ್ಟರಲ್ಲಿ ಕರಡು ಆಗಿರುತ್ತಿತ್ತು. ಕಾದಂಬರಿಯಲ್ಲಿ ನಿನ್ನೆ ಬಿಟ್ಟಲ್ಲಿಗೆ ಇವತ್ತು ಮತ್ತೆ ಇಳಿಯಬೇಕು, ನಾಳೆ ಮತ್ತೆ. ಆ ಇಳಿಯುವುದೇ ಆಗುತ್ತಿಲ್ಲ. ಬೆಳಿಗ್ಗೆ ಐದಕ್ಕೆ ಏಳುತ್ತೇನೆ. ಮೊಬೈಲು ಅಡುಗೆಮನೆಯಲ್ಲಿ, ಅಕ್ಕಿ ಡಬ್ಬದ ಹಿಂದೆ. ಮನೆಯವರೆಲ್ಲ ಮಲಗಿರುತ್ತಾರೆ. ನಾಲ್ಕು ಸಾಲು ಬರೆಯುವಷ್ಟರಲ್ಲಿ ಎದ್ದು ನೀರು ಕುಡಿಯೋಣ ಅನಿಸುತ್ತದೆ, ಕಿಟಕಿ ತೆಗೆಯೋಣ ಅನಿಸುತ್ತದೆ, ಫಾಂಟ್ ಬದಲಿಸೋಣ ಅನಿಸುತ್ತದೆ. ಮಗಳು ಏಳುವ ಹೊತ್ತಿಗೆ ಪರದೆಯ ಮೇಲೆ ಅರ್ಧ ಪುಟವೂ ಇರುವುದಿಲ್ಲ.

ಧ್ಯಾನ ಮಾಡಿ, ಪ್ರಾಣಾಯಾಮ ಮಾಡಿ ಎಂಬ ಸಲಹೆ ಮನೆಯಲ್ಲೇ ಧಾರಾಳವಾಗಿ ಸಿಗುತ್ತಿದೆ. ಬರೆಯುವವರು ಏನು ಮಾಡುತ್ತೀರಿ, ಅದನ್ನು ಹೇಳಿ.

ಕಡಲತಡಿ

ಅಕ್ಕಿ ಡಬ್ಬದ ಹಿಂದೆ ಇಟ್ಟದ್ದು ಒಳ್ಳೇದಾಯ್ತು ಮಾರಾಯ್ರೆ. ಆದ್ರೆ ಅಷ್ಟಕ್ಕೇ ಮುಗಿಯುವುದಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ಲೋರಿಯಾ ಮಾರ್ಕ್ ಅಂತ ಒಬ್ಬರು ಎರಡು ದಶಕದಿಂದ ಇದನ್ನೇ ಅಳೆಯುತ್ತಾ ಬಂದಿದ್ದಾರೆ. 2004ರ ಸುಮಾರಿಗೆ ಕಂಪ್ಯೂಟರ್ ಮುಂದೆ ಕೂತವರು ಒಂದು ಪರದೆಯ ಮೇಲೆ ಸರಾಸರಿ ಎರಡೂವರೆ ನಿಮಿಷ ನಿಲ್ಲುತ್ತಿದ್ದರಂತೆ. ಈಚಿನ ವರ್ಷಗಳ ಲೆಕ್ಕ 47 ಸೆಕೆಂಡು. ಅವರ ಕೆಲಸದಲ್ಲೇ ಇನ್ನೊಂದು ವಿಷಯ ಉಂಟು: ಅಡ್ಡಿಗಳಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟನ್ನು ನಾವೇ ಮಾಡಿಕೊಳ್ಳುವುದಂತೆ. ಯಾರೂ ಕರೆಯುವುದು ಬೇಡ, ನಾವೇ ಎದ್ದು ಹೋಗುತ್ತೇವೆ.

ಆಫೀಸಿನಲ್ಲಿ ದಿನವಿಡೀ ಟ್ಯಾಬ್ ಬದಲಿಸಿ ಬದಲಿಸಿ ರೂಢಿಯಾದ ಕೈಗೆ ಬೆಳಿಗ್ಗೆ ಐದಕ್ಕೆ ಮಾತ್ರ ಸುಮ್ಮನೆ ಕೂರು ಅಂದ್ರೆ ಕೂರುತ್ತದಾ? ನಾನು ಮೊದಲ ಕರಡು ಬರೆಯುವುದು ಕೈಯಲ್ಲೇ, ಉದ್ದದ ನೋಟುಪುಸ್ತಕದಲ್ಲಿ. ಅದಕ್ಕೆ ಟ್ಯಾಬೂ ಇಲ್ಲ, ಫಾಂಟೂ ಇಲ್ಲ.

ಪೇಡೆಪ್ರಿಯ

ಎಲ್ಲಾರೂ ಫೋನು, ಟ್ಯಾಬು ಅಂತ ಹೊಂಟೀರಿ. ನಂದೊಂದು ಬ್ಯಾರೆ ಪ್ರಶ್ನೆ ಅದ. ಅಡಿಕೆಹಾಳೆಯವರ, ನೀವು ನೀರು ಕುಡೀಲಿಕ್ಕೆ ಏಳ್ತೀರಲ್ರಿ, ಯಾವ ಸಾಲು ಬರದು ಏಳ್ತೀರಿ? ಎಲ್ಲಾ ಸಾಲಿಗೂ ಯಾರೂ ಏಳಂಗಿಲ್ಲ. ಮುಂದ ಏನಾಗ್ತದ ಅನ್ನೂದು ಗೊತ್ತಿಲ್ಲದ ಸಾಲಿಗೆ ಏಳ್ತಾರ.

ಇಂಗ್ಲಿಷ್ ಕವಿ ಕೋಲರಿಜ್‌ನ ಕಥಿ ಕೇಳೀರಲ್ಲ? 1797ರಾಗ ಕನಸಿನಾಗ ಇಡೀ ಕವಿತಾ ಬಂತಂತ. ಎದ್ದು ಬರ್ಕೋಳಿಕ್ಕೆ ಕುಂತಾಗ ಪೋರ್ಲಾಕ್ ಊರಿಂದ ಯಾರೋ ಕೆಲಸದ ಮ್ಯಾಲೆ ಬಂದ್ರಂತ, ತಾಸಿನ ಮ್ಯಾಲೆ ಹೊತ್ತು ಕಳದು ಹೋದ್ರಂತ, ಉಳದದ್ದೆಲ್ಲಾ ಮರ್ತೇ ಹೋತಂತ. ಆ ಕವಿತಾ, 'ಕುಬ್ಲಾ ಖಾನ್', 54 ಸಾಲಿಗೆ ನಿಂತತು. ಆದ್ರ ಈ ಕಥಿ ಅಂವ ಜಗತ್ತಿಗೆ ಹೇಳಿದ್ದು 1816ರಾಗ, ಕವಿತಾ ಅಚ್ಚಾಗೂ ಮುಂದ. ಪೋರ್ಲಾಕ್‌ದಾಂವ ಖರೇನ ಬಂದಿದ್ನೋ ಇಲ್ಲೋ ಅಂತ ಸಂಶಯ ಪಡೋ ವಿಮರ್ಶಕರು ಭಾಳ ಮಂದಿ ಅದಾರ. ನನ್ನ ಅಂಬೋಣ ಏನಂದ್ರ, ಮುಂದಿಂದು ಹೊಳೀಲಿಲ್ಲ, ಬಾಗಲಾ ಬಡದಾಂವನ ಮ್ಯಾಲೆ ಗೂಬಿ ಕುಂಡ್ರಿಸಿದ. ನಮ್ಮ ಕಾಲದಾಗ ಆ ಗೂಬಿ ಮೊಬೈಲಿನ ಮ್ಯಾಲೆ.

ಅಡಿಕೆಹಾಳೆ

ಪೇಡೆಪ್ರಿಯ ಅವರೇ, ನಿಮ್ಮ ಪ್ರಶ್ನೆ ತಲೆಯಲ್ಲಿಟ್ಟುಕೊಂಡೇ ಇವತ್ತು ಬೆಳಿಗ್ಗೆ ಕೂತೆ.

ಸನ್ನಿವೇಶ ಇಷ್ಟು. ಅಡಿಕೆ ಕೊನೆ (ಗೊಂಚಲು) ಕೊಯ್ಯುವ ಸಮಯ. ಹಿಸ್ಸೆ ಮಾಡಿಕೊಳ್ಳಲು ಹೊರಟ ಅಣ್ಣ, ತಮ್ಮ. ಅಂಗಳದಲ್ಲಿ ಹೆಂಗಸರು ಅಡಿಕೆ ಸುಲಿಯುತ್ತಿದ್ದಾರೆ. ಪೇಟೆಯಿಂದ ಬಂದ ಅಣ್ಣ ಚಪ್ಪರದ ಕಂಬಕ್ಕೆ ಒರಗಿ ನಿಲ್ಲುತ್ತಾನೆ. "ಮೆಟ್ಟುಗತ್ತಿಗಳ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು" ಅಂತ ಬರೆದೆ. ಅಲ್ಲಿಯ ತನಕ ಸಲೀಸು. ಮುಂದಿನ ಸಾಲಿನಲ್ಲಿ ತಮ್ಮ ಹಂಡೆಗೆ ಚೊಗರು (ಅಡಿಕೆ ಬೇಯಿಸಿ ಉಳಿದ ಕೆಂಪು ರಸ) ಸುರಿಯಬೇಕು. ಅಡಿಕೆ ಎಷ್ಟು ಹೊತ್ತು ಬೇಯಬೇಕು? ನೋಡಿಯೇ ಬಿಡೋಣ ಅಂತ ವೈಫೈ ಹಾಕಿದೆ. ಬೇಯಿಸುವುದರಿಂದ ರಾಶಿ, ಬೆಟ್ಟೆ, ಗೊರಬಲು ಎಂಬ ವಿಂಗಡಣೆಗೆ ಹೋದೆ, ಅಲ್ಲಿಂದ ಶಿವಮೊಗ್ಗ ಮಾರುಕಟ್ಟೆಯ ಧಾರಣೆಗೆ, ಅಲ್ಲಿಂದ ಎಲೆಚುಕ್ಕಿ ರೋಗಕ್ಕೆ. ಎಲ್ಲ ಕಾದಂಬರಿಗೆ ಬೇಕಾದದ್ದೇ ಎಂಬ ಸಮಾಧಾನ ಬೇರೆ! ಇಷ್ಟೆಲ್ಲ ಆಗುವಾಗಲೂ ಅಣ್ಣ ಕಂಬಕ್ಕೆ ಒರಗಿಯೇ ಇದ್ದ. ಅವನು ಬಾಯಿ ತೆರೆದರೆ ಏನು ಹೇಳುತ್ತಾನೆ ಎಂಬುದು ನನಗೆ ಗೊತ್ತಿಲ್ಲ. ಅಲ್ಲಿಗೆ ನೀವು ಹೇಳಿದ್ದು ಸರಿ.

ಹಳೇಪ್ರೂಫು

ಪತ್ರಿಕೆಯಲ್ಲಿ ಬಹುಕಾಲ ಕರಡು ತಿದ್ದಿದವನು ನಾನು. ಚೊಗರಿನ ತೊಂದರೆಗೆ ನಮ್ಮಲ್ಲಿ ಹಳೆಯ ಮದ್ದೊಂದಿತ್ತು. ಗಡಿಬಿಡಿಯಲ್ಲಿ ಬರೆಯುವ ವರದಿಗಾರರು ಗೊತ್ತಿಲ್ಲದ ಹೆಸರು, ಅಂಕಿ ಬಂದಲ್ಲಿ ಮೂರು ಪ್ರಶ್ನೆಚಿಹ್ನೆ ಜಡಿದು ಮುಂದೆ ಹೋಗುತ್ತಿದ್ದರು. ನೀವೂ "ಅಡಿಕೆ ??? ಹೊತ್ತು ಬೆಂದಿತು" ಎಂದು ಬರೆದು ಅಣ್ಣನ ಕಡೆ ತಿರುಗಿ. ಆಮೇಲೆ ಆ ಚಿಹ್ನೆಗಳನ್ನು ಹುಡುಕಿ ತುಂಬಿಸುವುದು ಕಂಪ್ಯೂಟರಿನಲ್ಲಿ ಕ್ಷಣದ ಕೆಲಸ. ಊರಿನಲ್ಲಿ ಅಡಿಕೆ ಬೇಯಿಸಿದ ಚಿಕ್ಕಪ್ಪನೋ ದೊಡ್ಡಮ್ಮನೋ ಇದ್ದರೆ ಸಂಜೆ ಫೋನು ಮಾಡಿ. ಎಷ್ಟು ಹೊತ್ತು ಎಂದು ಕೇಳಿದರೆ, ಹಂಡೆಯ ಬುಡ ಹಿಡಿದದ್ದು, ಹೊಗೆಗೆ ಕಣ್ಣು ಉರಿದದ್ದು ಎಲ್ಲ ಸೇರಿ ಬರುತ್ತದೆ.

ಇನ್ನು ದಿನಾ ಇಳಿಯುವ ವಿಚಾರ. ಆಂಥೊನಿ ಟ್ರೊಲಪ್ ಗೊತ್ತಿರಬಹುದು, ಇಂಗ್ಲೆಂಡಿನ ಅಂಚೆ ಇಲಾಖೆಯಲ್ಲಿ ನೌಕರಿ ಮಾಡಿಕೊಂಡೇ ಕಾದಂಬರಿ ಬರೆದವನು. ಒಟ್ಟು ಕಾದಂಬರಿಗಳು 47. (ಕಡಲತಡಿಯವರ ಸೆಕೆಂಡಿಗೂ ಇದಕ್ಕೂ ಸಂಬಂಧವಿಲ್ಲ!) ಅವನ ಹೆಸರು ಬಂದರೆ ಎಲ್ಲರೂ ಗಡಿಯಾರ ಎದುರಿಗಿಟ್ಟುಕೊಂಡು 15 ನಿಮಿಷಕ್ಕೆ 250 ಪದ ಬರೆಯುತ್ತಿದ್ದ ಎಂಬುದನ್ನೇ ಎತ್ತುತ್ತಾರೆ. ಪ್ರತಿಭೆಯನ್ನು ನಂಬುವವರಿಗೆ ಅದನ್ನು ಕೇಳಿದರೇ ಮೈ ಉರಿಯುತ್ತದೆ. ನನಗೆ ಅದಕ್ಕಿಂತ ಕೆಲಸಕ್ಕೆ ಬಂದದ್ದು ಇನ್ನೊಂದು. ಬೆಳಿಗ್ಗೆ ಬರೆಯಲು ಕೂರುವ ಮೂರು ಗಂಟೆಗಳ ಅವಧಿಯಲ್ಲಿ ಮೊದಲ ಅರ್ಧ ಗಂಟೆ ಅವನು ಹೊಸದೇನನ್ನೂ ಬರೆಯುತ್ತಿರಲಿಲ್ಲ. ಹಿಂದಿನ ದಿನ ಬರೆದದ್ದನ್ನು ಓದುತ್ತಿದ್ದ, ಪದಗಳ ಸದ್ದನ್ನು ಕಿವಿಯಲ್ಲಿ ತೂಗಿ ನೋಡುತ್ತಿದ್ದ. 1883ರಲ್ಲಿ ಬಂದ ಆತ್ಮಕಥೆಯಲ್ಲಿ ಅವನೇ ಹೇಳಿಕೊಂಡಿದ್ದಾನೆ. ನೀವು ಕೂತ ಕೂಡಲೇ ಹೊಸ ಸಾಲು ಹುಟ್ಟಬೇಕು ಅನ್ನುತ್ತಿದ್ದೀರಿ. ಅದು ಹುಟ್ಟುವುದಿಲ್ಲ, ನೀವು ನೀರು ಕುಡಿಯಲು ಏಳುತ್ತೀರಿ.

ನಮ್ಮಲ್ಲೂ ಮಾಸ್ತಿಯವರು ಮೈಸೂರು ಸಂಸ್ಥಾನದ ಅಧಿಕಾರಿಯಾಗಿದ್ದುಕೊಂಡೇ ಬರೆದವರು. ಮೊದಲ ಕಥಾಸಂಕಲನ ಬಂದದ್ದು 1920ರಲ್ಲಿ, ನಿವೃತ್ತಿಗೆ ಎರಡು ದಶಕ ಮೊದಲು. ಕಚೇರಿ ಬಿಟ್ಟರೆ ಮಾತ್ರ ಸಾಹಿತ್ಯ ಎನ್ನುವವರು ಇವರನ್ನೆಲ್ಲ ಒಮ್ಮೆ ನೆನೆಯಬೇಕು.

ಒಗ್ಗರಣೆಸೌಟು

ಟ್ರೊಲಪ್ ಸಾಹೇಬರು ಬೆಳಗಿನ ಐದೂವರೆಗೆ ಮೇಜಿನ ಮುಂದಿರುತ್ತಿದ್ದರು, ಸರಿ. ಎಬ್ಬಿಸುತ್ತಿದ್ದದ್ದು ಯಾರು ಅಂತ ಯಾಕೆ ಬಿಟ್ಟಿರಿ? ಒಬ್ಬ ಹಳೆಯ ಆಳು. ವರ್ಷಕ್ಕೆ 5 ಪೌಂಡ್ ಹೆಚ್ಚಿಗೆ ಕೊಟ್ಟು ಇಟ್ಟುಕೊಂಡಿದ್ದರು. ಅವನು ಮುಂಚೆಯೇ ಎದ್ದು ಇವರಿಗೆ ಕಾಫಿ ತರುತ್ತಿದ್ದ. ನನ್ನ ಯಶಸ್ಸಿಗೆ ಬೇರೆ ಯಾರಿಗಿಂತಲೂ ಅವನಿಗೇ ಹೆಚ್ಚು ಋಣಿಯೇನೋ ಅಂತ ಅದೇ ಆತ್ಮಕಥೆಯಲ್ಲಿ ಬರೆದಿದ್ದಾರೆ, ಅಷ್ಟರ ಮಟ್ಟಿಗೆ ಒಳ್ಳೆಯವರು. ನಮ್ಮ ಮನೆಯಲ್ಲಿ ಆ ಆಳು ನಾನೇ.

ಇಲ್ಲಿ ಎಲ್ಲರೂ ಎರಡು ಗಂಟೆ, ಮೂರು ಗಂಟೆ ಅಂತಿದ್ದೀರಿ. ಅಷ್ಟು ಹೊತ್ತು ಒಟ್ಟಿಗೆ ಸಿಕ್ಕಿದರೆ ನಾನು ಮೊದಲು ನಿದ್ದೆ ಮಾಡುತ್ತೇನೆ. ಎಂ.ಕೆ. ಇಂದಿರಾ ಹುಟ್ಟಿದ್ದು 1917ರಲ್ಲಿ, ಮೊದಲ ಕಾದಂಬರಿ 'ತುಂಗಭದ್ರ' ಬಂದದ್ದು 1963ರಲ್ಲಿ. ನಡುವಿನ ವರ್ಷಗಳಲ್ಲಿ ಅವರಿಗೆ ಏಕಾಗ್ರತೆ ಇರಲಿಲ್ಲ ಅಂತ ಯಾರೂ ಹೇಳಲಾರರು. ಇದ್ದದ್ದೆಲ್ಲ ಬೇರೆ ಕಡೆ ಖರ್ಚಾಗುತ್ತಿತ್ತು ಅಂತ ನನ್ನ ಊಹೆ.

ನನ್ನ ದಾರಿ ಹೇಳ್ತೀನಿ. ಕೂತಾಗ ಯೋಚಿಸುವುದೇ ಇಲ್ಲ. ಯೋಚನೆ ಎಲ್ಲ ಚಪಾತಿ ಲಟ್ಟಿಸುವಾಗ, ಬಟ್ಟೆ ಒಣಗಿಸುವಾಗ. ಪಾತ್ರ ಹೇಳುವ ಮೊದಲ ಮಾತನ್ನು ಮಾತ್ರ ಬಾಯಲ್ಲಿ ಅಂದುಕೊಳ್ಳುತ್ತಾ ಇರ್ತೀನಿ. ಅದು ಸರಿಹೋಯ್ತು ಅನಿಸಿದರೆ ಹಿಟ್ಟಿನ ಕೈಯಲ್ಲೇ ಗೋಡೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಎರಡು ಪದ ಗೀಚ್ತೀನಿ. "ಮುಕ್ಕಾಲು ಲೀಟರ್. ಬೀಗ ಯಾರ ಹತ್ರ?" ಅಂತಿರುತ್ತೆ. ಹಾಲಿನವನಿಗೆ ತಿಂಗಳ ಕೊನೆಗೆ ಅದನ್ನ ನೋಡಿ ನಗು. ಮಧ್ಯಾಹ್ನ ಮುಕ್ಕಾಲು ಗಂಟೆ ಸಿಕ್ಕರೆ ಆ ಎರಡು ಪದದಿಂದ ನೇರ ಒಳಗೆ ಹೋಗಬಹುದು, ಬಾಗಿಲಲ್ಲಿ ನಿಂತು ಚಪ್ಪಲಿ ಬಿಡುವ ಹೊತ್ತೂ ಬೇಡ.

ಬಿಟ್ಟುಬೈಟು

ಮೇಡಂ, ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ಹಾಕಿ ನೋಡಿ. ಮಳೆ ಸದ್ದಿನ ಆಡಿಯೊ ಹಚ್ಚಿದರೆ ಲೋಕವೇ ಕೇಳಿಸಲ್ಲ. ನನಗಂತೂ ಬದುಕೇ ಬದಲಾಯ್ತು.

ಒಗ್ಗರಣೆಸೌಟು

ಲೋಕ ಕೇಳಿಸದಿದ್ದರೆ ಕುಕ್ಕರ್ ಎಷ್ಟು ಸಲ ಕೂಗಿತು ಅಂತ ಎಣಿಸುವವರು ಯಾರು ತಮ್ಮಾ?

ಬಿಟ್ಟುಬೈಟು

😀 ಸೋತೆ ಮೇಡಂ.

ಕೀಲಿಮಣೆ

ಯಾರೂ ಎತ್ತದ ಒಂದು ವಿಷಯ: ಕನ್ನಡದಲ್ಲಿ ಬೆರಳಚ್ಚು ಮಾಡುವ ಬಗೆ. ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿ, ಅದು ಕನ್ನಡವಾಗುವುದನ್ನು ಕಾದು, ಕೆಳಗೆ ಬರುವ ಪದಗಳಲ್ಲಿ ಒಂದನ್ನು ಆರಿಸುವವರು ಪ್ರತಿ ಪದಕ್ಕೂ ಒಂದು ಸಣ್ಣ ತೀರ್ಮಾನ ಮಾಡುತ್ತಿರುತ್ತಾರೆ. ಮೊಬೈಲಿನಲ್ಲಿ ಇನ್ನೂ ಕಷ್ಟ. "ಮಂಕಾಗಿ" ಎಂದು ಶುರುಮಾಡಿದರೆ ಅದು "ಮಂಗಳವಾರ" ಬೇಕೆ ಎಂದು ಕೇಳುತ್ತದೆ. ನೀವು ಪಾತ್ರದ ಮುಖ ನೋಡುತ್ತಿರಬೇಕಾದ ಹೊತ್ತಿನಲ್ಲಿ ಮಂಗಳವಾರದ ಜೊತೆ ಜಗಳ. ಎಷ್ಟೋ ಸಲ ಅದು ಕೊಟ್ಟ ಸಪ್ಪೆ ಪದವನ್ನೇ ಸಾಕು ಅಂತ ಒಪ್ಪಿಕೊಂಡುಬಿಡುತ್ತೇವೆ. ಎಲ್ಲರ ಬರಹವೂ ಒಂದೇ ತರ ಆಗುತ್ತಿರುವುದಕ್ಕೆ ಇದೂ ಒಂದು ಕಾರಣ ಇರಬಹುದು ಎಂಬ ಗುಮಾನಿ ನನ್ನದು.

ಕಂಪ್ಯೂಟರಿನಲ್ಲಾದರೆ ಕಗಪ ಕೀಲಿಮಣೆ ವಿನ್ಯಾಸ ಕಲಿಯಿರಿ, 'ನುಡಿ' ಎಂಬ ಕನ್ನಡ ತಂತ್ರಾಂಶದಲ್ಲಿರುವುದು ಅದೇ. ಕೆ.ಪಿ. ರಾವ್ ಅವರು ರೂಪಿಸಿದ್ದು. ಕೆ ಒತ್ತಿದರೆ ಕ, ಒತ್ತಕ್ಷರಕ್ಕೆ ನಡುವೆ ಎಫ್. ಊಹೆ, ಸಲಹೆ ಯಾವುದೂ ಇಲ್ಲ. ಕೈಗೆ ಹತ್ತುವ ತನಕ ರಗಳೆ ಅನಿಸುತ್ತದೆ, ಹತ್ತಿದ ಮೇಲೆ ಕಣ್ಣು ಪರದೆಯಲ್ಲಿ, ಮನಸ್ಸು ಕಥೆಯಲ್ಲಿ. ಮೊಬೈಲಿನಲ್ಲೇ ಬರೆಯಬೇಕಾದವರು ಸೆಟ್ಟಿಂಗ್ಸ್‌ಗೆ ಹೋಗಿ ಪದಸೂಚನೆಯ ಪಟ್ಟಿಯನ್ನು ಮುಚ್ಚಿಬಿಡಿ.

ಪೇಡೆಪ್ರಿಯ

ಮಾತಾಡಿ ಟೈಪ್ ಮಾಡ್ಸೂದು ನೋಡಿದ್ನಿರೀ. ನಮ್ಮ ಕಡೆ ಮಾತು ಅದಕ್ಕ ತಿಳೀವಲ್ದು. ನಾ "ಹೋಗ್ಬ್ಯಾಡ" ಅಂದ್ರ ಅದು ಏನೇನೋ ಬರೀತದ, ಅದನ್ನ ತಿದ್ದೂದ್ರಾಗ ಪಾತ್ರ ಹೋಗೇ ಬಿಟ್ಟಿರ್ತದ.

ಮರಳುಗಾಳಿ

ದುಬೈನಿಂದ. ಕಂಪನಿ ರೂಮಿನಲ್ಲಿ ಆರು ಜನ, ಮೇಲೆ ಕೆಳಗೆ ಮಂಚ, ಶಿಫ್ಟ್ ಬೇರೆ ಬೇರೆ. ಯಾವಾಗಲೂ ಒಬ್ಬ ಮಲಗಿರುತ್ತಾನೆ, ಒಬ್ಬ ಊರಿಗೆ ವಿಡಿಯೊ ಕಾಲ್ ಮಾಡುತ್ತಿರುತ್ತಾನೆ.

ಮಾಯಾ ಏಂಜೆಲೋ ಎಂಬ ಅಮೆರಿಕದ ಲೇಖಕಿ ಬರೆಯುವುದಕ್ಕೆಂದೇ ತಮ್ಮೂರಲ್ಲೇ ಹೋಟೆಲ್ ಕೋಣೆ ಬಾಡಿಗೆಗೆ ಹಿಡಿಯುತ್ತಿದ್ದರು, ಗೋಡೆಯ ಮೇಲಿನ ಚಿತ್ರಗಳನ್ನೂ ತೆಗೆಸಿಬಿಡುತ್ತಿದ್ದರು. ಓದಿದಾಗ ಹೊಟ್ಟೆಕಿಚ್ಚಾಯ್ತು. ಆದರೆ ಆ ಕೋಣೆಯಲ್ಲಿ ಅವರ ಹತ್ತಿರ ಒಂದು ಕಟ್ಟು ಇಸ್ಪೀಟೆಲೆಯೂ ಇರುತ್ತಿತ್ತು. ಮನುಷ್ಯರಿಗೆ ದೊಡ್ಡ ಮನಸ್ಸು, ಚಿಕ್ಕ ಮನಸ್ಸು ಅಂತ ಎರಡಿವೆ ಎಂದು ಅವರ ಅಜ್ಜಿ ಹೇಳುತ್ತಿದ್ದರಂತೆ. ಚಿಕ್ಕ ಮನಸ್ಸಿಗೆ ಎಲೆ ಜೋಡಿಸುವ ಕೆಲಸ ಕೊಟ್ಟರೆ ದೊಡ್ಡದು ತನ್ನ ಪಾಡಿಗೆ ಆಳಕ್ಕೆ ಹೋಗುತ್ತದೆ ಅನ್ನುವುದು ಲೆಕ್ಕ. ಒಗ್ಗರಣೆಸೌಟು ಅವರ ಚಪಾತಿಯೂ ಅದೇ ಇರಬೇಕು.

ನನ್ನ ಹೋಟೆಲ್ ಕೋಣೆ ಅಂದರೆ ಕೆಳಗಿನ ಲಾಂಡ್ರಿ ರೂಮು. ಮಶೀನಿಗೆ ಬಟ್ಟೆ ಹಾಕಿ ಎದುರಿಗಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುತ್ತೇನೆ. ಆ ಗಡಗಡ ಸದ್ದಿನಲ್ಲಿ ಯಾರೂ ಮಾತಿಗೆ ಬರುವುದಿಲ್ಲ, ಇವನ್ಯಾಕೆ ಕೂತಿದ್ದಾನೆ ಅಂತ ಕೇಳುವುದೂ ಇಲ್ಲ. ಬಟ್ಟೆ ಕಾಯುವವನಿಗೆ ಕಾರಣ ಬೇಡ. ಮಶೀನು ನಿಂತಾಗ ನಾನೂ ನಿಲ್ಲಿಸಲೇಬೇಕು, ಬೇರೆಯವರು ಬಕೆಟ್ ಹಿಡಿದು ಕಾಯುತ್ತಿರುತ್ತಾರೆ. ಹಾಗೆ ವಾಕ್ಯದ ನಡುವೆಯೇ ಏಳುವುದರಿಂದ ಮುಂದಿನ ಸಲ ಎಲ್ಲಿಂದ ಶುರು ಮಾಡಲಿ ಎಂಬ ಯೋಚನೆ ಬರುವುದೇ ಇಲ್ಲ. ರೂಮಿನವರ ಬಟ್ಟೆಯನ್ನೂ ಒಗೆದು ಕೊಡುತ್ತೇನೆ ಅಂತ ನನಗೆ ಒಳ್ಳೆ ಹೆಸರು ಬೇರೆ.

ಕಡಲತಡಿ

ವಾಕ್ಯದ ನಡುವೆ ಏಳುವುದು ಚಂದದ ಉಪಾಯ. ಮುಂದೇನು ಅಂತ ಗೊತ್ತಿರುವಾಗಲೇ ನಿಲ್ಲಿಸಿ ಅಂತ ಅಮೆರಿಕದ ಕಾದಂಬರಿಕಾರ ಹೆಮಿಂಗ್ವೇ ಕೂಡ ಹೇಳಿದ್ದಾನೆ. ನಾವು ಮಾಡುವುದು ಉಲ್ಟಾ. ಇವತ್ತು ಅಧ್ಯಾಯ ಮುಗಿಸಿಯೇ ಏಳುತ್ತೇನೆ ಅಂತ ಹಟ ಹಿಡಿದು ಕೂರುವುದು, ನಾಳೆ ಬಂದು ಖಾಲಿ ಪುಟದ ಮುಂದೆ ತಲೆ ಕೆರೆದುಕೊಳ್ಳುವುದು.

ಅಡಿಕೆಹಾಳೆ

ಸ್ವಲ್ಪ ದಿನ ಬಿಟ್ಟು ಬರುತ್ತಿದ್ದೇನೆ. ಆದದ್ದು, ಆಗದ್ದು ಎರಡನ್ನೂ ಹೇಳುತ್ತೇನೆ.

??? ಬಹಳ ಉಪಯೋಗಕ್ಕೆ ಬಂತು. ಇಡೀ ಅಧ್ಯಾಯದ ತುಂಬ ಪ್ರಶ್ನೆಚಿಹ್ನೆಗಳೇ ಇವೆ, ಇರಲಿ. ಊರಿಗೆ ಫೋನು ಮಾಡಿದೆ. ಹೊತ್ತಿನ ಲೆಕ್ಕ ಯಾರು ಇಡ್ತಾರೋ, ಒಂದು ಅಡಿಕೆ ತೆಗೆದು ಉಗುರು ಊರಿ ನೋಡೋದು ಅಂದರು ದೊಡ್ಡಮ್ಮ. ಅದೊಂದೇ ಮಾತಿನಿಂದ ತಮ್ಮನಿಗೆ ಕೈಕೆಲಸ ಸಿಕ್ಕಿತು. ಅವನು ಉಗುರು ಊರಿ ನೋಡುತ್ತಾ ಅಣ್ಣನ ಮುಖ ನೋಡುವುದನ್ನು ತಪ್ಪಿಸಬಹುದು. ಆಮೇಲೆ ಅಣ್ಣನ ಮಾತೂ ಹೊರಬಂತು. ಹಿಸ್ಸೆ ವಿಷಯ ಎತ್ತಲೇ ಇಲ್ಲ ಪುಣ್ಯಾತ್ಮ. "ಒಂದು ಕವಳ ಹಾಕೋಣ, ಸಂಚಿ ಎಲ್ಲಿ?" ಅಂದ. ಇದು ಹೊಳೆದದ್ದು ಮೇಜಿನ ಮುಂದೆ ಅಲ್ಲ, ಆಫೀಸಿನ ಕ್ಯಾಬ್ ಕಾರಿನಲ್ಲಿ. ಒಗ್ಗರಣೆಸೌಟು ಅವರ ದಾರಿಗೆ ಒಂದು ನಮಸ್ಕಾರ.

ಕೈಬರಹ ನನಗೆ ಒಗ್ಗಲಿಲ್ಲ. ನನ್ನ ಅಕ್ಷರ ನನಗೇ ಓದಲಾಗುವುದಿಲ್ಲ.

ಹಳೇಪ್ರೂಫು ಅವರೇ, ಹಿಂದಿನ ದಿನದ್ದನ್ನು ಓದುವುದರಲ್ಲಿ ಒಂದು ಗಂಟು. ಓದಲು ಕೂತರೆ ತಿದ್ದಲು ಶುರು. ಒಂದು ಅಲ್ಪವಿರಾಮ ತೆಗೆದು, ಮತ್ತೆ ಹಾಕಿ, ಅರ್ಧ ಗಂಟೆ ಒಂದು ಗಂಟೆಯಾಗುತ್ತದೆ. ಹೊಸದಕ್ಕೆ ಹೊತ್ತೇ ಉಳಿಯುವುದಿಲ್ಲ. ಟ್ರೊಲಪ್‌ಗೆ ಈ ಚಟ ಇರಲಿಲ್ಲವೆ?

ಹಳೇಪ್ರೂಫು

ಅವನ ಕಾಲದಲ್ಲಿ ತಿದ್ದಬೇಕಾದರೆ ಹೊಡೆದುಹಾಕಬೇಕಿತ್ತು, ಹೊಡೆದುಹಾಕಿದರೆ ಪುಟ ಗಲೀಜಾಗುತ್ತಿತ್ತು. ಪರದೆಗೆ ಆ ನಾಚಿಕೆ ಇಲ್ಲ.

ಹಿಂದಿನ ದಿನದ ಎರಡು ಪುಟ ಪ್ರಿಂಟ್ ತೆಗೆದುಕೊಳ್ಳಿ. ಕಂಪ್ಯೂಟರ್ ಆನ್ ಮಾಡುವ ಮೊದಲೇ ಅದನ್ನು ನಿಂತುಕೊಂಡು ಓದಿ, ತುಟಿ ಆಡಿಸಿಕೊಂಡು. ಕೈಯಲ್ಲಿ ಪೆನ್ನು ಬೇಡ. ಪೆನ್ನು ಸಿಕ್ಕಿದರೆ ನಿಮ್ಮೊಳಗಿನ ಪ್ರೂಫ್‌ರೀಡರ್ ಎದ್ದು ಕೂರುತ್ತಾನೆ. ನನ್ನ ಜಾತಿಯವರನ್ನು ನಾನು ಬಲ್ಲೆ, ಅವರಿಗೆ ಕಥೆ ಬೇಕಾಗಿಲ್ಲ.

ಒಗ್ಗರಣೆಸೌಟು

ಇದನ್ನು ನಾನೂ ಮಾಡಿ ನೋಡಬೇಕು. ಆದರೆ ನಮ್ಮ ಬೀದಿಯ ಜೆರಾಕ್ಸ್ ಅಂಗಡಿಯಲ್ಲಿ ನುಡಿಯ ಫೈಲು ಕೊಟ್ಟರೆ ಅಕ್ಷರವೆಲ್ಲ ಒಡೆದು ಚಿತ್ತಾರ ಬರುತ್ತೆ. ಹುಡುಗ ನನ್ನನ್ನೇ ಗದರ್ತಾನೆ.

ಕೀಲಿಮಣೆ

ಅವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇರುವುದಿಲ್ಲ, ಅದಕ್ಕೇ. ಮನೆಯಲ್ಲೇ ಪಿಡಿಎಫ್ ಮಾಡಿ ಕಳಿಸಿ, ಇದ್ದ ಹಾಗೇ ಬರುತ್ತದೆ. ಇನ್ನು ಮುಂದೆ ಬರೆಯುವುದನ್ನು ಎಲ್ಲ ಕಂಪ್ಯೂಟರಿನಲ್ಲೂ ಓದಲಾಗುವ ಯೂನಿಕೋಡ್‌ನಲ್ಲೇ ಬರೆಯಿರಿ. ಹಳೆಯದು ಎಷ್ಟು ಪುಟ ಇದೆ ಹೇಳಿ, ಪರಿವರ್ತಿಸುವ ಕ್ರಮ ಬರೆದು ಹಾಕುತ್ತೇನೆ.

ಒಗ್ಗರಣೆಸೌಟು

ಪುಟ ಎಣಿಸಿಲ್ಲ. ಎರಡು ಕಾದಂಬರಿ ಇವೆ. ನಾಳೆ ಮಧ್ಯಾಹ್ನ ಹೇಳ್ತೀನಿ, ಈಗ ಹಾಲು ಕಾಯಿಸೋಕಿದೆ.